ದೇಜಪ್ಪಣ್ಣನ ಕೊನೆಯ ಹಲಗೆ

ವಾರಿಜ, ನಿನ್ನ ಅಪ್ಪ ಊರು ಬಿಟ್ಟು ಹೋದದ್ದು ನಿನ್ನ ಮಾತಿನಿಂದಲ್ಲ. ಅವರನ್ನು ಕಳುಹಿಸಿದವನು ನಾನು.

ಇಷ್ಟನ್ನು ನಾನು ಹೇಳಬೇಕಾಗಿದ್ದದ್ದು ಲಾಯಿಲದ ನಿಮ್ಮ ಸೋಡಾ ಅಂಗಡಿಯ ಜಗಲಿಯಲ್ಲಿ, ಮುಚ್ಚಿದ ಹಲಗೆಗಳಿಗೆ ಹಣೆಯಾನಿಸಿ ನೀನು ಅಳುತ್ತಿದ್ದ ಆ ಬೆಳಿಗ್ಗೆ. ಪಕ್ಕದಲ್ಲೇ ನಿಂತಿದ್ದೆ. ಹೇಳಲಿಲ್ಲ. ಆಮೇಲೆಯೂ ಸಂದರ್ಭಗಳು ಬಂದವು — ಬಂಟ್ವಾಳದಲ್ಲಿ ಬಸ್ಸು ಕಾಯುವಾಗ, ವಿಟ್ಲದ ನಿನ್ನ ಮನೆಯಂಗಳದಲ್ಲಿ, ನಿನ್ನ ಮಗಳ ತೊಟ್ಟಿಲಿನ ಬಳಿ. ಇನ್ನೇನು ಬಾಯಿ ತೆರೆಯಬೇಕು ಅನ್ನುವಾಗ ನೀನು ನಗುತ್ತಾ ಕಾಫಿ ತಂದು ಇಡುತ್ತಿದ್ದೆ. ಆ ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಇಷ್ಟು ವರ್ಷ ನಿನ್ನ ಮನೆಯಲ್ಲಿ ನಾನು ಕುಡಿದ ಪ್ರತಿ ಲೋಟ ಕಾಫಿಯೂ —

ಬೇಡ. ಹೀಗೆ ಬರೆಯಹೊರಟರೆ ನನ್ನ ಮೇಲೆ ನನಗೇ ಮರುಕ ಹುಟ್ಟುತ್ತದೆ. ಅದು ನನಗೆ ಬೇಡ.

ಕಳೆದ ವಾರ ನೀನು ಮೂಡುಬಿದಿರೆಯ ನನ್ನ ಮನೆಗೆ ಬಂದಿದ್ದೆಯಲ್ಲ, ಈ ಬಾರಿಯ ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಕೊಂಡವರಿಗೆ ಬಡಿಸುವಾಗ ಅಮ್ಮನ ಎಲೆಯ ಪಕ್ಕ ಅಪ್ಪನಿಗೂ ಒಂದು ಎಲೆ ಹಾಕುತ್ತೇನೆ ಎಂದೆ. ಬದುಕಿರುವವರ ಹೆಸರಿನಲ್ಲಿ ಎಲೆ ಹಾಕಬಾರದೆಂದು ನೀನು ಇಷ್ಟು ಕಾಲ ತಡೆದಿದ್ದವಳು. ಪ್ರತಿ ಆಟಿಗೂ ನನ್ನನ್ನು ಕೇಳುತ್ತಿದ್ದೆ, ಓದಿದವನೆಂದು. ನಾನು ಪ್ರತಿ ಸಲವೂ ಇನ್ನೂ ಸ್ವಲ್ಪ ಕಾಯುವ ಎನ್ನುತ್ತಿದ್ದೆ. ಈ ಸಲ ನೀನು ಕೇಳಲಿಲ್ಲ, ತಿಳಿಸಿದೆ ಅಷ್ಟೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದೆ:

"ಎಲೆಯ ಎದುರು ಕೂತು ತಪ್ಪಾಯ್ತು ಅಪ್ಪ ಅಂತ ಹೇಳ್ತೇನೆ ಪ್ರಭಾಕರಣ್ಣ. ಒಂದು ಸಲ ಬಾಯಿಬಿಟ್ಟು ಹೇಳಿದ್ರೆ ಸ್ವಲ್ಪ ಸಮಾಧಾನ ಆದೀತು."

ನಿನ್ನದಲ್ಲದ ತಪ್ಪನ್ನು ನೀನು ಒಂದು ಬಾಳೆಲೆಯ ಮುಂದೆ ಒಪ್ಪಿಕೊಳ್ಳಲಿದ್ದೀ. ಅದಕ್ಕೆ ಮೊದಲು ಇದು ನಿನಗೆ ತಿಳಿಯಬೇಕು.

ನಾನು ದಿನಚರಿ ಬರೆಯುವವನೆಂದು ನಿನಗೆ ಗೊತ್ತು. ಆದರೆ ಆ ದಿನದ ಪುಟ ನೋಡಿದರೆ ಅಲ್ಲಿರುವುದು ಇಷ್ಟೇ: 'ತುಂಬ ಸೆಕೆ. ದೇಜಪ್ಪಣ್ಣನಲ್ಲಿ ಸೋಡಾ.' ಉಳಿದದ್ದನ್ನು ನೆನಪಿನಿಂದ ಬರೆಯಬೇಕು, ನನ್ನ ನೆನಪು ನಂಬುವಂಥದ್ದಲ್ಲ. ಅದು ಪ್ರತಿ ಸಲವೂ ನನಗೆ ಅನುಕೂಲವಾಗುವ ಕಡೆಗೆ ಸ್ವಲ್ಪ ಸ್ವಲ್ಪ ಜರಗುತ್ತದೆ. ಜರಗಿದ್ದು ನನಗೇ ತಿಳಿದ ಕಡೆಯೆಲ್ಲ ನಿನಗೆ ಹೇಳುತ್ತಾ ಹೋಗುತ್ತೇನೆ.

ನಿನ್ನ ಅಪ್ಪ ದೇಜಪ್ಪಣ್ಣನ ಬಾಯಲ್ಲಿ ಕಂಪನಿ ಎಂದರೆ ಒಂದೇ ಕಂಪನಿ; ಹೆಸರು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅವರ ರೇಡಿಯೋ ಮಾಡಿದ ಕಂಪನಿ. ಸೆಟ್ಟು ಬಂದ ರಟ್ಟಿನ ಪೆಟ್ಟಿಗೆಯನ್ನು ಸಹ ಅಟ್ಟದಲ್ಲಿ ಜೋಪಾನವಾಗಿ ಇಟ್ಟಿದ್ದರು, ಅದರ ಮೇಲೆ ಏನನ್ನೂ ಹೇರಲು ನಿನ್ನ ಅಮ್ಮ ಕಮಲಕ್ಕನಿಗೆ ಅಪ್ಪಣೆ ಇರಲಿಲ್ಲ. ಎದುರಿನ ಹೋಟೆಲಿನಲ್ಲಿ ಬೇರೆ ಕಂಪನಿಯ ಸೆಟ್ಟಿತ್ತು. ಅದನ್ನು ಹಾಕಿದಾಗಲೆಲ್ಲ ದೇಜಪ್ಪಣ್ಣ ಗಿರಾಕಿಗಳ ಕಡೆ ತಿರುಗಿ, ಅದು ರೇಡಿಯೋ ಅಲ್ಲ ಮಾರಾಯ, ಅದು ಗಂಟಲು ಕಟ್ಟಿದ ಮುದುಕ, ಸ್ವಲ್ಪ ಶುಂಠಿ ಸೋಡಾ ಕುಡಿಸಬೇಕು ಎನ್ನುತ್ತಿದ್ದರು.

ಒಮ್ಮೆ ಕಂಪನಿಯ ವ್ಯಾನು ಬಂದಿತ್ತು. ಪ್ಯಾಂಟು ಹಾಕಿದ, ಘಟ್ಟದ ಮೇಲಿನ ಕನ್ನಡದ ಒಬ್ಬ ಮನುಷ್ಯ ಇಳಿದು ಸೋಡಾ ಕುಡಿದ. ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ್ದ ಕಂಪನಿಯ ಹಳೆಯ ಕ್ಯಾಲೆಂಡರುಗಳನ್ನು ನೋಡಿ ಖುಷಿಯಾಗಿರಬೇಕು. "ಮುಂದಿನ ಮಾಡಲ್‌ನಲ್ಲಿ ನಿಮಗೆ ಏನೇನು ಬೇಕು ಯೋಚನೆ ಮಾಡಿಟ್ಟಿರಿ ಯಜಮಾನ್ರೇ, ಮುಂದಿನ ಸಲ ಬಂದಾಗ ಮೇಲಿನವರಿಗೆ ತಿಳಿಸ್ತೀನಿ" ಎಂದು ಹೇಳಿ ಹೋದ. ಇದನ್ನು ನಾನು ಕಣ್ಣಾರೆ ಕಂಡೆ ಎಂದೇ ಬಹಳ ಕಾಲ ನಂಬಿದ್ದೆ. ಆದರೆ ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ನಿನ್ನ ಅಪ್ಪ ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಆಗಿದೆ.

ಆ ಮನುಷ್ಯ ಬಾಯಿಮಾತಿಗೆ ಹೇಳಿದ್ದನ್ನು ದೇಜಪ್ಪಣ್ಣ ಕೆಲಸವೆಂದು ವಹಿಸಿಕೊಂಡರು. ಅಂಗಡಿಯ ಬಾಗಿಲಿನ ಹಲಗೆಗಳ ಒಳಮುಖದಲ್ಲಿ ಸುಣ್ಣದ ಕಡ್ಡಿಯಿಂದ ಒಂದೊಂದೇ ಆಸೆ ಬರೆಯತೊಡಗಿದರು — ಒಂದು ಹಲಗೆಗೆ ಒಂದು. ಹಗಲು ಹಲಗೆಗಳನ್ನು ತೆಗೆದು ಒಂದರ ಮೇಲೊಂದು ಒರಗಿಸಿಟ್ಟಿರುವಾಗ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚಿ, ಹಲಗೆಗಳನ್ನು ವರಸೆಯಲ್ಲಿ ಹೊಸ್ತಿಲಿನಲ್ಲಿ ಕೊರೆದ ಗಾಡಿಗೆ ಜಾರಿಸಿ ಕೂರಿಸಿದ ಮೇಲೆ, ಒಳಗಿರುವವರಿಗೆ ಮಾತ್ರ ಆ ಪಟ್ಟಿ ಪೂರ್ತಿಯಾಗಿ ಕಾಣುತ್ತಿತ್ತು. ನೀವು ಮೂವರು ಅದರ ಕೆಳಗೇ ಕೂತು ಉಣ್ಣುತ್ತಿದ್ದಿರಿ.

ಕರೆಂಟು ಹೋದಾಗಲೂ ಸ್ಟೇಷನ್ ತೋರಿಸುವ ಮುಳ್ಳು ಕಾಣಬೇಕು. ವಾರ್ತೆಯ ಹೊತ್ತಿಗೆ ತಾನೇ ಎದ್ದು ಮಾತಾಡಬೇಕು. ಸೋಡಾ ಒಡೆಯುವ ಶಬ್ದಕ್ಕೆ ತಪ್ಪಿಹೋದ ಮಾತನ್ನು ಇನ್ನೊಮ್ಮೆ ಹೇಳಬೇಕು. ಅಂಗಿಯ ಕಿಸೆಯಲ್ಲಿ ಹಿಡಿಯಬೇಕು. ನಾವು ಹೇಳಿದ್ದು ಅವರಿಗೂ ಕೇಳಬೇಕು — ಇದು ನಿನ್ನ ಅಮ್ಮನದು. ವಾರ್ತೆ ಓದುವವರಿಗೆ ಅವರು ಅನ್ನ ಬಸಿಯುತ್ತಲೇ ಉತ್ತರ ಕೊಡುತ್ತಿದ್ದರಲ್ಲ.

ಕೊನೆಯ ಹಲಗೆ ಬಹಳ ಕಾಲ ಖಾಲಿ ಇತ್ತು. ಅದನ್ನು ತುಂಬಿಸಿದ್ದು ಒಂದು ಲೆಕ್ಕದಲ್ಲಿ ನಾನೇ.

ಎಂಎಸ್ಸಿ ಮುಗಿಸಿ ಊರಿಗೆ ಬಂದು ಕೆಲಸವಿಲ್ಲದೆ ಕೂತಿದ್ದ ಕಾಲ ಅದು. ದೇಜಪ್ಪಣ್ಣ ನನ್ನನ್ನು 'ಎಮ್ಮೆಸ್ಸಿ' ಎಂದು, ಎಮ್ಮೆಯನ್ನು ಸ್ವಲ್ಪ ಎಳೆದು, ಕರೆಯುತ್ತಿದ್ದರು. ಏನು ಎಮ್ಮೆಸ್ಸಿ, ಇವತ್ತು ಸೋಡವೋ ಹುಲ್ಲೋ? ನಾನು ನಗುತ್ತಿದ್ದೆ, ಒಳಗೆ ಚುಚ್ಚುತ್ತಿತ್ತು. ಮಧ್ಯಾಹ್ನದ ಪ್ರಸಾರ ಮುಗಿದು ಸಂಜೆಯದು ಶುರುವಾಗುವ ತನಕ ರೇಡಿಯೋದಲ್ಲಿ ಬರೀ ಸೊಂಯ್ ಎಂಬ ಶಬ್ದ ಇರುತ್ತದಲ್ಲ, ಅವರು ಅದನ್ನೂ ಆರಿಸುತ್ತಿರಲಿಲ್ಲ. ಅದೇನು ಎಂದು ಒಂದು ದಿನ ಕೇಳಿದರು. ನಾನು ನನ್ನ ವಿದ್ಯೆ ತೋರಿಸಿದೆ. ಆಕಾಶದ ಅಲೆಗಳು ಎಂದೆ. ಯಾವ ಅಲೆಯೂ ಪೂರ್ತಿ ನಾಶವಾಗುವುದಿಲ್ಲ, ಕ್ಷೀಣವಾಗುತ್ತಾ ಎಲ್ಲೋ ಇದ್ದೇ ಇರುತ್ತದೆ ಎಂದೆ. ಮನುಷ್ಯರ ಮಾತೂ ಹಾಗೆಯೇ ಎಂದೆನೇ? ಎಂದಿರಲಿಕ್ಕಿಲ್ಲ ಎಂದು ಅನೇಕ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಅನಿಸುತ್ತದೆ — ಎಂದೆ. ಅವರ ಮುಖದಲ್ಲಿ ನನ್ನ ಮೇಲೆ ಗೌರವ ಮೂಡುವುದು ಕಾಣುತ್ತಿತ್ತು, ಅದು ಇನ್ನೂ ಸ್ವಲ್ಪ ಬೇಕಾಗಿತ್ತು.

ಆ ಮಳೆಗಾಲದಲ್ಲಿ ನಿನ್ನ ಅಮ್ಮ ಕಾಮಾಲೆಯಿಂದ ತೀರಿಕೊಂಡರು. ಮಳೆ ಬಿಟ್ಟು ನಾನು ಅಂಗಡಿ ಮುಚ್ಚುವ ಹೊತ್ತಿಗೆ ಒಳಗೆ ಹೋದಾಗ ಕೊನೆಯ ಹಲಗೆಯಲ್ಲಿ ಅಕ್ಷರಗಳಿದ್ದವು. ನಿನಗೆ ನೆನಪಿರಬಹುದು.

'ಸ್ಟೇಷನ್ ಇಲ್ಲದಾಗ ಬರುವ ಶಬ್ದದಲ್ಲಿ ಇರುವವರನ್ನು ಬಿಡಿಸಿ ಕೇಳಿಸಬೇಕು.'

ಅದನ್ನು ಓದಿ ನಾನು ಮುಗುಳ್ನಕ್ಕೆ. ಇದು ಮಾತ್ರ ನನಗೆ ಸಂಶಯವಿಲ್ಲದೆ ನೆನಪಿದೆ.

ನೀನು ಅಪ್ಪನನ್ನು ವಿಟ್ಲದ ನಿನ್ನ ಮನೆಗೆ ಕರೆದೊಯ್ಯಲು ಮತ್ತೆ ಮತ್ತೆ ಬಂದೆ. ಅವರು ಬರಲೊಪ್ಪಲಿಲ್ಲ. ಕಂಪನಿಯ ಜನ ಬಂದರೆ ಅಂಗಡಿ ಮುಚ್ಚಿರಬಾರದು ಎನ್ನುತ್ತಿದ್ದರು. ಬೇಸಗೆಯಲ್ಲಿ ನೀನು ಕಡೆಯ ಸಲ ಬಂದಾಗ ನಾನು ಹೊರಗಿನ ಬೆಂಚಿನಲ್ಲಿದ್ದೆ. ನೀನು ಹೇಳಿದ್ದು ನನಗೂ ಕೇಳಿತು:

"ನಿಮಗೆ ನಾನು ಬೇಡ, ಆ ಪೆಟ್ಟಿಗೆ ಸಾಕು. ಹೋಗಿ, ಅದರೊಟ್ಟಿಗೇ ಹೋಗಿ."

ಇದೆಲ್ಲ ತುಳುವಿನಲ್ಲಿ ಆಡಿದ ಮಾತು, ಕನ್ನಡಕ್ಕೆ ತರುತ್ತಿರುವುದು ನಾನು. ನಮ್ಮ ಕಡೆ ಮನೆಯೊಳಗೆ ಕನ್ನಡ ಯಾರು ಆಡುತ್ತಾರೆ? ಅದು ಶಾಲೆಗೆ, ಕಚೇರಿಗೆ, ರೇಡಿಯೋಕ್ಕೆ. ಈ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಬಸ್ಸಿಗೆ ನಿನ್ನನ್ನು ಬಿಡಲು ಬಂದವನೂ ನಾನೇ. ಕಿಟಕಿಯಿಂದ ತಲೆ ಹಾಕಿ, "ನೀವಾದರೂ ಒಂದು ಮಾತು ಹೇಳಿ ಪ್ರಭಾಕರಣ್ಣ, ನಿಮ್ಮ ಮಾತಿಗೆ ಬೆಲೆ ಉಂಟು ಅವರಲ್ಲಿ" ಎಂದೆ. ನಾನು ಆಯಿತು ಎಂದೆ. ಮನೆಗೆ ನಡೆಯುವಾಗ ನನಗೆ ಆ ಉಪಾಯ ಹೊಳೆಯಿತು.

ಇಲ್ಲೇ ನಾನು ಎಚ್ಚರವಾಗಿರಬೇಕು. ನಿನ್ನ ಅಪ್ಪ ನಿನ್ನ ಜೊತೆ ಹೋಗಲು ಒಪ್ಪಲಿ ಎಂದೇ ಹಾಗೆ ಮಾಡಿದೆ — ಈ ಕಾರಣ ಆಗಲೇ ಇತ್ತೇ, ಅಥವಾ ಆಮೇಲೆ ನಾನು ತಂದು ಜೋಡಿಸಿದ್ದೇ? ಎರಡೂ ಸ್ವಲ್ಪ ಸ್ವಲ್ಪ ಇರಬೇಕು. ಎಮ್ಮೆ ಎಂದು ಕರೆಯುವವರಿಗೆ ಒಂದು ಆಟ ತೋರಿಸುವ ಆಸೆಯೂ ಅದರಲ್ಲಿತ್ತು. ಎಷ್ಟು ಪಾಲು, ನನಗೆ ಗೊತ್ತಿಲ್ಲ.

ಮಸ್ಕತ್ತಿನಲ್ಲಿದ್ದ ಭಾವ ತಂದಿದ್ದ ಟೇಪ್ ರೆಕಾರ್ಡರು ನಮ್ಮ ಮನೆಯಲ್ಲಿತ್ತು. ಅಕ್ಕನ ಬಯಕೆಯ ದಿನ, ಸೀಮಂತದ ಊಟ ಮುಗಿದ ಮೇಲೆ, ಭಾವ ಅದನ್ನು ಹೆಂಗಸರ ನಡುವೆ ಇಟ್ಟು ಒಬ್ಬೊಬ್ಬರಾಗಿ ಮಾತಾಡಿಸಿದ್ದ. ಅಲ್ಲಿಯವರೆಗೆ ತುಳುವಿನಲ್ಲಿ ಹರಟುತ್ತಿದ್ದವರೆಲ್ಲ ಕೆಂಪು ದೀಪ ಕಂಡದ್ದೇ ಸೆರಗು ಸರಿಮಾಡಿಕೊಂಡು ಕನ್ನಡಕ್ಕೆ ತಿರುಗಿದರು. ಯಾಕೆ ಎಂದರೆ, ಪೆಟ್ಟಿಗೆಗೆ ತುಳು ಗೊತ್ತಾಗುವುದು ಹೇಗೆ ಮಾರಾಯ, ಅದು ಶಾಲೆಗೆ ಹೋದ ಪೆಟ್ಟಿಗೆ ಅಲ್ಲವಾ ಎಂದು ಯಾರೋ ಹೇಳಿ ಎಲ್ಲರೂ ನಕ್ಕರು. ಕಮಲಕ್ಕ ಪಾಠ ಒಪ್ಪಿಸುವವರ ಹಾಗೆ ನಿಂತು ಹೇಳಿದರು: ನನ್ನ ಹೆಸರು ಕಮಲ. ನಮ್ಮದು ಸೋಡದ ಅಂಗಡಿ ಉಂಟು. ನಮಗೆ ಒಬ್ಬಳು ಮಗಳು. ಇನ್ನೂ ಹೇಳಿ ಎಂದು ಹಿಂದಿನಿಂದ ತಿವಿದರು. ಆಗ ಅವರು, ನಾಚಿಕೆಯಿಂದಲೋ ಏನೋ, ಸ್ವರ ತಗ್ಗಿಸಿ —

"ಸಾಕು, ಹೊತ್ತಾಯಿತು. ಹೋಗುವ."

ನನ್ನ ಉಪಾಯ ಇಷ್ಟೇ. ಹೋಗುವ ಎಂದು ಹೆಂಡತಿಯೇ ಜೊತೆಗೆ ಕರೆದದ್ದು ಕೇಳಿದರೆ ಅವರು ವಿಟ್ಲಕ್ಕೆ ಹೊರಡುತ್ತಾರೆ. ಕ್ಯಾಸೆಟ್ಟನ್ನು ಆ ಮಾತಿನ ತುದಿಗೆ ತಂದು ನಿಲ್ಲಿಸಲು ಮನೆಯಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿದೆ. ಆ ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿ ನಿಲ್ಲಿಸುತ್ತಿದ್ದೆ. ಅದರಿಂದಾಚೆ ಏನಿದೆ ಎಂದು ಒಂದು ಸಲವೂ ಕೇಳಲಿಲ್ಲ.

ಉರಿಬಿಸಿಲಿನ ಮಧ್ಯಾಹ್ನ. ರಸ್ತೆಯಲ್ಲಿ ನಾಯಿ ಸಹ ಇರಲಿಲ್ಲ, ಎದುರಿನ ಹೋಟೆಲಿನವರು ಮಲಗಿದ್ದರು. ಭಾವನ ಟೇಪನ್ನು ಚೀಲದಲ್ಲಿ ತಂದಿದ್ದೆ. ದೇಜಪ್ಪಣ್ಣ ಹಿಂದಿನ ಬಾವಿಕಟ್ಟೆಗೆ ಹೋದಾಗ ಅದನ್ನು ರೇಡಿಯೋ ಇದ್ದ ಗೂಡಿನ ಕೆಳಗೆ, ಬಾಟಲಿಗಳ ಮರದ ಪೆಟ್ಟಿಗೆಯೊಳಗೆ ಇಟ್ಟು ಒದ್ದೆ ಗೋಣಿ ಮುಚ್ಚಿದೆ. ಅವರು ಬಂದು ಕೂತರು. ಪ್ರಸಾರ ಮುಗಿದಿತ್ತು. ರೇಡಿಯೋ ಸೊಂಯ್ ಎನ್ನುತ್ತಿತ್ತು. ಅವರ ಕಣ್ಣು ರಸ್ತೆಯ ಕಡೆಗಿತ್ತು. ನಾನು ಗೋಣಿಯೊಳಗೆ ಕೈ ಹಾಕಿ ಗುಂಡಿ ಒತ್ತಿದೆ.

ಗೋಣಿ, ಮರ, ಗಾಜು — ಅದನ್ನೆಲ್ಲ ದಾಟಿ ಬರುವಾಗ ಆ ಸ್ವರ ನನಗೆ ಪರಿಚಯವಿದ್ದ ಸ್ವರವಾಗಿ ಉಳಿದಿರಲಿಲ್ಲ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಗುಂಡಿ ಒತ್ತಿದವನು ನಾನು. ಆದರೂ ಯಾರು ಎಂದು ತಿರುಗಿ ನೋಡಿದೆ.

ಸಾಕು, ಹೊತ್ತಾಯಿತು. ಹೋಗುವ.

ದೇಜಪ್ಪಣ್ಣ ಬೆಚ್ಚಲಿಲ್ಲ. ಅಳಲಿಲ್ಲ. ನಾನು ಎರಡಕ್ಕೂ ತಯಾರಾಗಿದ್ದೆ. ಅವರು ರೇಡಿಯೋವನ್ನೇ ನೋಡಿದರು. ಆಮೇಲೆ ತುಳುವಿನಲ್ಲಿ, ಒಂದು ಲೆಕ್ಕ ತಾಳೆಯಾದವರ ಹಾಗೆ ಹೇಳಿದರು: "ಕನ್ನಡ ಮಾತಾಡ್ತಾಳೆ. ಅಲ್ಲಿಯೂ ಆಫೀಸು ಉಂಟು ಕಾಣ್ತದೆ."

ನಾನು ಅಳವಡಿಸಿದ್ದ ಸುಳ್ಳಿನಲ್ಲಿ ದೊಡ್ಡ ಬಿರುಕು ಅದೇ ಆಗಿತ್ತು, ವಾರಿಜ. ಇಷ್ಟು ವರ್ಷಗಳ ಸಂಸಾರದಲ್ಲಿ ನಿನ್ನ ಅಮ್ಮ ನಿನ್ನ ಅಪ್ಪನೊಡನೆ ಕನ್ನಡದಲ್ಲಿ ಒಂದು ಮಾತು ಆಡಿದವರಲ್ಲ. ಆ ಬಿರುಕಿನಲ್ಲೇ ಅವರು ಸಿಕ್ಕಿಬೀಳಿಸಬಹುದಿತ್ತು ನನ್ನನ್ನು. ಅವರು ಅದನ್ನೇ ಪುರಾವೆ ಮಾಡಿಕೊಂಡರು. ತೀರಿಕೊಂಡವರ ಲೋಕ ಕಚೇರಿಯ ಹಾಗೆ, ಅಲ್ಲಿ ಎಲ್ಲರೂ ಪುಸ್ತಕದ ಭಾಷೆ ಆಡಬೇಕು, ಪಾಪ, ಇವಳೂ ಕಲಿತಿದ್ದಾಳೆ — ಅವರ ಮುಖದಲ್ಲಿ ಇದ್ದದ್ದು ಅದು. ಸ್ವಲ್ಪ ಹೆಮ್ಮೆ ಸಹ.

ಮತ್ತೆ ಅವರು ಎದ್ದು ನಿಂತು, ಮೈ ಒರೆಸುವ ಬೈರಾಸನ್ನು ಹೆಗಲಿಂದ ಕೆಳಗಿಳಿಸಿ, ತಾವೂ ಕನ್ನಡದಲ್ಲಿ ಉತ್ತರಿಸಿದರು: "ಆಯಿತು. ಹೋಗುವ."

ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೂ ಕೇಳಿತಾ?"

ಎಮ್ಮೆಸ್ಸಿ ಎನ್ನಲಿಲ್ಲ. ನನ್ನನ್ನು ಅವರು ಹಾಗೆ, ಕೀಟಲೆಯಿಲ್ಲದೆ, ಸಮಾನನೊಬ್ಬನನ್ನು ಕೇಳುವಂತೆ ಕೇಳಿದ್ದು ಅದೇ ಮೊದಲು. ಓದಿದವನು ನಾನು. ಕೇಳಲಿಲ್ಲ ಎಂದಿದ್ದರೆ ಅವರು ತಮ್ಮ ಕಿವಿಯನ್ನೇ ಅನುಮಾನಿಸುತ್ತಿದ್ದರು. ಗೋಣಿ ಸರಿಸಿ ತೋರಿಸಿದ್ದರೆ ಕೆನ್ನೆಗೆ ಹೊಡೆಯುತ್ತಿದ್ದರು, ನಾಲ್ಕು ದಿನ ಸೋಡಾ ಕೊಡುತ್ತಿರಲಿಲ್ಲ, ಅಷ್ಟೆ. ಅಷ್ಟೇ ಆಗುತ್ತಿದ್ದದ್ದು.

"ಕೇಳಿತು," ಎಂದೆ.

ಟೇಪಿನದ್ದು ಆಟವಾಗಿರಬಹುದು. ಈ ಒಂದು ಮಾತು ಆಟವಲ್ಲ.

ಅವರು ವಿಟ್ಲಕ್ಕೆ ಹೋಗಲಿಲ್ಲ. ಹೋಗುವ ಎಂದರೆ ಎಲ್ಲಿಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಗಂಡನ ಹತ್ತಿರ ಒಬ್ಬ ಹೆಂಗಸು ಹೋಗುವ ಎಂದರೆ ಅದು ಅವಳ ತವರಿಗೆ ಎಂದು ಅವರಿಗೆ ಹೊಳೆದಿತ್ತು. ಮರುದಿನ ಬೆಳಿಗ್ಗೆ ಅಂಗಡಿಯ ಹಲಗೆಗಳೆಲ್ಲ ವರಸೆಯಾಗಿ ಕೂತಿದ್ದವು, ಬೀಗ ಬಿದ್ದಿತ್ತು. ಒಗೆದ ಅಂಗಿ ಹಾಕಿ ಕಾರ್ಕಳದ ಬಸ್ಸು ಹತ್ತಿದ್ದನ್ನು ಹೋಟೆಲಿನವರು ಕಂಡಿದ್ದರು. ಕಂಡಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೀ. ನಾರಾವಿಗೆ ಎರಡು ಟಿಕೆಟು ತೆಗೆದರು. ಇನ್ನೊಂದು ಯಾರಿಗೆ ದೇಜಪ್ಪಣ್ಣ, ರೇಡಿಯೋಕ್ಕಾ ಎಂದು ಅವನು ತಮಾಷೆ ಮಾಡಿದ. ಅವರ ಕೈಯಲ್ಲಿ ರೇಡಿಯೋ ಇರಲಿಲ್ಲ. ಕಿಟಕಿಯ ಬದಿಯ ಜಾಗ ಬಿಟ್ಟು ಕೂತಿದ್ದರು. ಬಸ್ಸು ತುಂಬಿದಾಗಲೂ ಅಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ನಾರಾವಿಯಲ್ಲಿ ಮೊದಲು ತಾವು ಇಳಿದು, ಬಾಗಿಲ ಸರಳು ಹಿಡಿದು, ಇನ್ನೊಬ್ಬರು ಇಳಿಯುವಷ್ಟು ಹೊತ್ತು ನಿಂತಿದ್ದರು. ಕಂಡಕ್ಟರು ಸೀಟಿ ಊದಲಿಲ್ಲವಂತೆ. ಅವರು ಸರಳು ಬಿಟ್ಟ ಮೇಲೆಯೇ ಊದಿದ.

ನಾರಾವಿಯಲ್ಲಿದ್ದ ನಿನ್ನ ಅಮ್ಮನ ತವರಿನ ಗದ್ದೆಮನೆ ಎಂದೋ ಬೇರೆಯವರ ಪಾಲಾಗಿತ್ತು. ಅಲ್ಲಿಗೆ ಅವರು ಬಂದದ್ದನ್ನು ಯಾರೂ ನೋಡಲಿಲ್ಲ. ಕಾಡಿನ ಅಂಚು, ಹೊಳೆ, ಬಸದಿಯ ಹಿಂದಿನ ಗುಡ್ಡ — ಎಲ್ಲ ಕಡೆ ಹುಡುಕಿದೆವು. ಹುಡುಕುವವರ ಜೊತೆ ನಾನೂ ಇದ್ದೆ. ಎಲ್ಲರಿಗಿಂತ ಗಟ್ಟಿಯಾಗಿ ಅವರ ಹೆಸರು ಕೂಗಿದವನು ನಾನು.

ವಾಪಸು ಬಂದು ನೀನು ಆ ಹಲಗೆಗಳಿಗೆ ಹಣೆಯಾನಿಸಿ, "ನಾನೇ ಹೋಗಿ ಅಂತ ಹೇಳಿದ್ದು" ಎಂದು ಅತ್ತೆ. ನನ್ನ ಎರಡನೆಯ ತಪ್ಪು ಅಲ್ಲಿಯದು, ಮೊದಲನೆಯದಕ್ಕಿಂತ ದೊಡ್ಡದು. ನಾನು ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ. ನಿನ್ನ ಬೆನ್ನ ಮೇಲೆ ಕೈಯಿಟ್ಟು ಹೇಳಿದೆ: "ಸಿಟ್ಟಿನಲ್ಲಿ ಹೇಳಿದ್ದು ಅಂತ ಅವರಿಗೆ ಗೊತ್ತಾಗ್ತದೆ ವಾರಿಜ."

ಎಷ್ಟು ಒಳ್ಳೆಯ ಮಾತು. ಕೇಳಿದವರೆಲ್ಲ ತಲೆಯಾಡಿಸಿ ಹೌದು ಹೌದು ಎಂದರು. ಆ ಮಾತಿನಿಂದ ನಾನು ತಪ್ಪನ್ನು ನಿನ್ನ ತಲೆಯ ಮೇಲೆ ಭದ್ರವಾಗಿ ಕೂರಿಸಿ, ಮೇಲೊಂದು ಕ್ಷಮೆಯನ್ನೂ ಇಟ್ಟೆ. ಅಂದಿನಿಂದ ನೀನು ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿಲ್ಲ.

ಮುಂದೆ ನನಗೆ ಮೂಡುಬಿದಿರೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಹೋಗುವ ಎಂಬ ಮಾತು ನನ್ನ ಬಾಯಿಂದ ಬರುವುದು ನಿಂತಿತು. ನಮ್ಮೂರಿನಲ್ಲಿ ದಿನಕ್ಕೆ ಎಷ್ಟು ಸಲ ಅದನ್ನು ಹೇಳುವುದಿಲ್ಲ ನಾವು — ನಾನು ಮಾತ್ರ ಹೋಗೋಣ ಎನ್ನುತ್ತೇನೆ. ಮೈಸೂರಿನ ನೀರು ಇನ್ನೂ ಇಳಿಯಲಿಲ್ಲವಾ ಮೇಷ್ಟ್ರೇ ಎಂದು ಸಹೋದ್ಯೋಗಿಗಳು ಕಾಲೆಳೆಯುತ್ತಾರೆ. ನೀನೂ ಒಮ್ಮೆ ನಕ್ಕಿದ್ದೆ. ಅದು ಗತ್ತಲ್ಲ, ವಾರಿಜ. ಹೆದರಿಕೆ.

ವಿಟ್ಲಕ್ಕೆ ಬರುವಾಗ ಬಂಟ್ವಾಳದಲ್ಲಿ ಬಸ್ಸು ಬದಲಿಸಬೇಕಲ್ಲ, ಅಲ್ಲೊಂದು ರೇಡಿಯೋ ಅಂಗಡಿಯಿದೆ. ಕಂಪನಿಯ ಹೊಸ ಸೆಟ್ಟುಗಳು ಗಾಜಿನೊಳಗೆ ಬರುತ್ತಾ ಹೋದವು. ಮೊದಲು ಮುಳ್ಳಿಗೆ ಹಸಿರು ಬೆಳಕಿರುವುದು ಬಂತು. ಆಮೇಲೆ ಗಡಿಯಾರವಿದ್ದು ಹೇಳಿದ ಹೊತ್ತಿಗೆ ತಾನೇ ಮಾತಾಡುವುದು. ಆಮೇಲೆ ಟೇಪು ಜೊತೆಗೇ ಇರುವುದು, ತಪ್ಪಿಹೋದ ಮಾತನ್ನು ಇನ್ನೊಮ್ಮೆ ಹೇಳುವುದು. ಹೋದ ವರ್ಷ ಕಿಸೆಯಲ್ಲಿ ಹಿಡಿಯುವುದು. ಯಾರೂ ನಿನ್ನ ಅಪ್ಪನನ್ನು ಕೇಳಿ ಮಾಡಿದ್ದಲ್ಲ, ವ್ಯಾನು ಮತ್ತೆ ಬರಲೇ ಇಲ್ಲ. ಲೋಕದಲ್ಲಿ ಎಲ್ಲರಿಗೂ ಬೇಕಾದದ್ದು ಅವರಿಗೂ ಬೇಕಾಗಿತ್ತು, ಅಷ್ಟೆ ಎಂದು ನನಗೆ ತಿಳಿಯುತ್ತದೆ. ಆದರೆ ಆ ಗಾಜಿನ ಮುಂದೆ ನಿಂತಾಗ ತಿಳಿವಳಿಕೆ ಉಪಯೋಗಕ್ಕೆ ಬರುವುದಿಲ್ಲ. ಮುಚ್ಚಿದ ಅಂಗಡಿಯೊಳಗೆ, ಕತ್ತಲಿಗೆ ಮುಖಮಾಡಿದ ಹಲಗೆಗಳಿಂದ ಯಾರೋ ಒಂದೊಂದೇ ಓದಿ ಹೇಳುತ್ತಿದ್ದಾರೆ ಎನಿಸುತ್ತದೆ. ಉಳಿದಿರುವುದು ಎರಡು. ನಿನ್ನ ಅಮ್ಮನದು. ಮತ್ತೆ ಕೊನೆಯದು.

ಇನ್ನೊಂದು ವಿಷಯ ಇದೆ. ಹೇಳದೆ ಬಿಡಬಹುದಿತ್ತು, ಯಾಕೆಂದರೆ ಇದನ್ನು ಹೇಳಿದರೆ ನಾನು ನುಣುಚಿಕೊಳ್ಳಲು ನೋಡುತ್ತಿದ್ದೇನೆ ಎಂದು ನಿನಗೆ ಅನಿಸಬಹುದು. ಬಚ್ಚಿಟ್ಟರೆ ಮತ್ತೆ ಅದೇ ದಾರಿ. ಹುಡುಕಾಟ ನಿಂತ ಮೇಲೆ, ಆ ಕ್ಯಾಸೆಟ್ಟನ್ನು ಅಳಿಸಬೇಕೆಂದು ಹಾಕಿದೆ. ಪಾತ್ರೆಯ ಸದ್ದು, ನಗು, ನಿನ್ನ ಅಮ್ಮ ಪಾಠ ಒಪ್ಪಿಸುವುದು, ಸಾಕು, ಹೊತ್ತಾಯಿತು, ಹೋಗುವ. ಮೊದಲ ಬಾರಿಗೆ ಗುಂಡಿ ಒತ್ತದೆ ಮುಂದೆ ಓಡಲು ಬಿಟ್ಟೆ. ಸ್ವಲ್ಪ ಹೊತ್ತು ಬರೀ ಸೊಂಯ್ ಎಂಬ ಶಬ್ದ, ಆಮೇಲೆ ಒಂದು ಗಂಡು ಸ್ವರ ಬಂತು. ಆಯಿತು. ಹೋಗುವ. ಅದರ ಹಿಂದೆಯೇ, ಹಲಗೆಯೊಂದು ಗಾಡಿಯಲ್ಲಿ ಜಾರಿ ಕೂರುವ ಶಬ್ದ.

ನಮ್ಮ ಮನೆಗೆ ಹಲಗೆ ಬಾಗಿಲಿಲ್ಲ.

ಅಕ್ಕನನ್ನು ಕೇಳಿದೆ. ಅವತ್ತು ದೇಜಪ್ಪಣ್ಣ ಊರಲ್ಲೇ ಇರಲಿಲ್ಲ, ಸೋಡಾದ ಗ್ಯಾಸು ತರಲು ಮಂಗಳೂರಿಗೆ ಹೋಗಿದ್ದರು ಎಂದಳು. ಭಾವನನ್ನು ಕೇಳಿದೆ. ಇಲ್ಲ, ಹೆಂಡತಿಯನ್ನು ಕರೆದುಕೊಂಡು ಹೋಗಲು ಬಾಗಿಲ ತನಕ ಬಂದಿದ್ದರು, ಟೇಪು ನೋಡಿ ತಾವೂ ಕನ್ನಡ ಮಾತಾಡಿದ್ದರು ಎಂದ. ಆ ಶಬ್ದ ಕೊಪ್ಪರಿಗೆ ಎಳೆದದ್ದು ಇರಬಹುದು ಎಂದ. ಇರಬಹುದು. ಹಾಗಾದರೆ ಆ ಮಧ್ಯಾಹ್ನ ಅಂಗಡಿಯಲ್ಲಿ ನಾನು ಕೇಳಿದ ಉತ್ತರ ಅವರ ಬಾಯಿಂದ ಬಂದದ್ದೋ, ಗೋಣಿಯ ಕೆಳಗಿನಿಂದ ಬಂದದ್ದೋ? ನಾನು ಸರಿಯಾದ ಹೊತ್ತಿಗೆ ಗುಂಡಿ ಒತ್ತಿದೆನೇ? ಅವರ ತುಟಿ ಅಲುಗಿದ್ದನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಬೈರಾಸು ಕೆಳಗಿಳಿಸುವ ಕೈ ಕಾಣುತ್ತದೆ. ಮುಖ ಕಾಣುವುದಿಲ್ಲ.

ಈ ಗೊಂದಲದಲ್ಲಿ ನಾನು ಎಷ್ಟೋ ವರ್ಷ ಆರಾಮವಾಗಿ ವಾಸಮಾಡಿದ್ದೇನೆ. ನನಗಿಂತ ದೊಡ್ಡದೇನೋ ಅಲ್ಲಿ ನಡೆಯಿತು, ನಾನು ಬರೀ ನೆವ, ಎಂದುಕೊಂಡರೆ ಎಷ್ಟು ಹಗುರ. ಆದರೆ ಟೇಪಿನಲ್ಲಿ ಏನೇ ಇರಲಿ, ನಿನಗೂ ಕೇಳಿತಾ ಎಂದು ಕೇಳಿದ್ದು ಜೀವಂತ ಮನುಷ್ಯ. ಕೇಳಿತು ಎಂದದ್ದು ನಾನು. ಸಿಟ್ಟಿನಲ್ಲಿ ಹೇಳಿದ್ದು ಎಂದು ನಿನ್ನ ಬೆನ್ನ ಮೇಲೆ ಕೈಯಿಟ್ಟವನೂ ನಾನು. ಅಲ್ಲಿ ಯಾವ ಗೊಂದಲವೂ ಇಲ್ಲ.

ಕ್ಯಾಸೆಟ್ಟನ್ನು ಅಳಿಸಲಿಲ್ಲ. ಅದರಲ್ಲಿ ನಿನ್ನ ಅಮ್ಮನ ಸ್ವರವಿದೆ, ನಮಗೆ ಒಬ್ಬಳು ಮಗಳು ಎಂದು ಹೇಳುವುದಿದೆ. ಲೋಕದಲ್ಲಿ ಉಳಿದಿರುವುದು ಅದೊಂದೇ. ನನ್ನ ಗುಟ್ಟು ಹೊರಬಿದ್ದೀತೆಂದು ಅದನ್ನೂ ನಿನ್ನಿಂದ ಇಷ್ಟು ಕಾಲ ಮುಚ್ಚಿಟ್ಟೆ. ಭಾನುವಾರ ವಿಟ್ಲಕ್ಕೆ ಬಂದು ಇದನ್ನು ನಿನ್ನೆದುರು ಓದಿ, ಅದನ್ನು ನಿನ್ನ ಕೈಗೆ ಕೊಡುತ್ತೇನೆ. ಕೇಳುವುದು, ಸುಡುವುದು ನಿನಗೆ ಬಿಟ್ಟದ್ದು. ಕಾಫಿ ಮಾಡಬೇಡ.

ಅಪ್ಪನಿಗೆ ಎಲೆ ಹಾಕಬೇಕೋ ಬೇಡವೋ ನಾನು ಇನ್ನು ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗೆ ಎಂದೂ ಇರಲಿಲ್ಲ. ಹಾಕಿದರೆ, ಅದರ ಎದುರು ಕೂತು ತಪ್ಪಾಯಿತು ಎನ್ನಬೇಕಾದವನು ನಾನು. ನೀನು ಅಂಗಳದೊಳಗೆ ಬಿಟ್ಟರೆ ಅಲ್ಲಿ, ಬಿಡದಿದ್ದರೆ ಹೊರಗೆ ನಿಂತು ಹೇಳುತ್ತೇನೆ.

ನಾರಾವಿಯಲ್ಲಿ ಬಸ್ಸು ನಿಲ್ಲುವ ಆ ಜಾಗಕ್ಕೆ ನೀನು ಆಮೇಲೆ ಒಮ್ಮೆಯೂ ಹೋಗಿಲ್ಲ. ಎಂದಾದರೂ ನೋಡಬೇಕೆನಿಸಿದರೆ ನನ್ನನ್ನು ಕರೆ. ಹೋಗುವ ಎಂದು ನಾನು ಹೇಳುವುದಿಲ್ಲ. ನೀನು ಹೇಳಿದ ದಿನ ಹೊರಡುತ್ತೇನೆ.